ಗೇಟ್ ಬೀಳುವ ಹೊತ್ತಿನ ಓಟಿಪಿ

ಸಂಜೆ ಐದಾಗಿದೆ. ಅಂತರಸಂತೆ ದಾಟಿ, ಕಾಕನಕೋಟೆ ಕಾಡು ಇನ್ನೇನು ಶುರುವಾಗಬೇಕು ಅನ್ನುವಲ್ಲಿ ರಸ್ತೆಬದಿಗೆ ಒಂದು ಹೆಂಚಿನ ಮನೆ. ಅದರ ಮುಂದಿನ ಕೋಣೆಯೇ ಕಚೇರಿ. ಕಿಟಕಿ ಪಕ್ಕದ ಮೇಜಿನ ಮುಂದೆ ನೀವು ಕೂತಿದ್ದೀರಿ. ಕುರ್ಚಿಯ ಒಂದು ಕಾಲು ಗಿಡ್ಡ, ಮುಂದಕ್ಕೆ ಬಾಗಿದಾಗಲೆಲ್ಲ ಟಕ್ ಎನ್ನುತ್ತದೆ. ಮಳೆ ಬಿಟ್ಟು ಸ್ವಲ್ಪ ಹೊತ್ತಾಗಿದೆ, ಸೂರಿನ ಹನಿ ಮಾತ್ರ ಇನ್ನೂ ನಿಂತಿಲ್ಲ. ಪಕ್ಕದ ಹೊಲದ ಬ್ಯಾರನ್‌ನಲ್ಲಿ ಈ ಸಾಲಿನ ಕೊನೆಯ ಹೊಗೆಸೊಪ್ಪು ಬೇಯುತ್ತಿದೆ. ಹಸಿ ಸೌದೆಯ ಹೊಗೆ, ಅದರೊಳಗೆ ಎಲೆ ಹಳದಿಗೆ ತಿರುಗುವಾಗಿನ ಸಿಹಿ ಘಾಟು, ಎರಡೂ ಕಿಟಕಿಯಿಂದ ಬಂದು ಗಂಟಲಿನಲ್ಲಿ ಕೂತಿವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯವರಿಗೆ ಈ ವಾಸನೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಗೆ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ವಾಹನಗಳಿಗೆ ಅವಸರ. ಆರಕ್ಕೆ ಗೇಟ್ ಬೀಳುತ್ತದೆ. ಆಮೇಲೆ ಬೆಳಿಗ್ಗೆ ಆರರವರೆಗೆ ಕಾಡು ದಾಟುವಂತಿಲ್ಲ. ಬಾವಲಿ ಕಡೆಗೆ ಹೊರಟ ಲಾರಿಯೊಂದು ಹಾರ್ನ್ ಒತ್ತುತ್ತಲೇ ಹೋಗುತ್ತದೆ, ಅದರ ನಡುಕ ನಿಮ್ಮ ಮೇಜಿನ ಕಾಲಿಗೆ ಬಂದು ಮುಟ್ಟುತ್ತದೆ.

ಈ ಕೆಲಸಕ್ಕೆ ನೀವು ಹೊಸಬರು. ಆನೆ ತುಳಿದ ಹೊಲದವರಿಗೆ ಪರಿಹಾರದ ಅರ್ಜಿ ಬರೆದುಕೊಡುವುದು ಈ ಪುಟ್ಟ ಸಂಸ್ಥೆಯ ಕೆಲಸ. ಬೆಳಿಗ್ಗೆಯಿಂದ ಕೆಸರಲ್ಲಿ ಸುತ್ತಿ, ತೆನೆ ಒಡೆಯುವ ಹೊತ್ತಿಗೆ ಮಣ್ಣಿಗೆ ಒತ್ತಿಹೋದ ರಾಗಿಯ ಫೋಟೊ ತೆಗೆದು ತಂದಿದ್ದೀರಿ. ಒಂದು ಹೆಜ್ಜೆಗುರುತಿನೊಳಗೆ ನೀರು ನಿಂತಿತ್ತು, ಅದರ ಪಕ್ಕ ಅಳತೆಗೆಂದು ಹೊಲದಾಕೆ ತನ್ನ ಕುಡುಗೋಲು ಇಟ್ಟಿದ್ದಳು. ಆ ಫೋಟೊಗಳು, ಪಹಣಿ, ಪಾಸ್‌ಬುಕ್ಕಿನ ಪ್ರತಿ ಎಲ್ಲವೂ ನಾಳೆ ಹನ್ನೊಂದರೊಳಗೆ ಮೈಸೂರಿನ ಮುಖ್ಯ ಕಚೇರಿಗೆ ಮುಟ್ಟಬೇಕು. ಅಲ್ಲಿ ಸಭೆಯಿದೆ. ಮೇಲ್ ನಿಮ್ಮ ಸ್ವಂತ ವಿಳಾಸದಿಂದ ಹೋದರೆ ಆಗದು, ಈ ಕಚೇರಿಯ ವಿಳಾಸದಿಂದಲೇ ಹೋಗಬೇಕು. ಆ ವಿಳಾಸವಾದರೋ ನಿಮಗಿಂತ ಹಿಂದೆ ಇಲ್ಲಿ ಕೂತು ಹೋದವರದು. ಈಗ ನಿಮ್ಮ ಪಾಲಿಗೆ ಬಂದಿದೆ.

ಬ್ರೌಸರಿನಲ್ಲಿ ಕಳಿಸಲು ಮಧ್ಯಾಹ್ನವೇ ನೋಡಿದಿರಿ. ಅಟ್ಯಾಚ್‌ಮೆಂಟಿನ ಗೆರೆ ಅರ್ಧ ಓಡಿತು, ನಿಂತಿತು, ನೆಟ್ ಹೋಯಿತು, ಬರೆದದ್ದೂ ಹೋಯಿತು. ರಸ್ತೆಯುದ್ದಕ್ಕೂ ಹೂತ ಕೇಬಲ್ ಈ ಕೋಣೆಯವರೆಗೆ ಬಂದಿದೆ ನಿಜ, ಬಿಟ್ಟು ಬಿಟ್ಟು ಉಸಿರಾಡುತ್ತದೆ. ಇಂಥಲ್ಲಿ ಮೇಲ್ ಯಂತ್ರದೊಳಗೇ ಇರಬೇಕು. ನೆಟ್ ಇಲ್ಲದಾಗ ಓದಲು, ಬರೆಯಲು ಬರಬೇಕು, ನೆಟ್ ಬಂದಾಗ ತಾನಾಗಿ ಹೋಗಬೇಕು. ಅದಕ್ಕೇ ಈ ಡೆಸ್ಕ್‌ಟಾಪಿನಲ್ಲಿ ಥಂಡರ್‌ಬರ್ಡ್ ಹಾಕಿದ್ದಾರೆ. ಮೊಜಿಲ್ಲಾದವರು 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಹೊರತಂದ, ದುಡ್ಡು ಕೇಳದ ಮೇಲ್ ಪ್ರೋಗ್ರಾಮ್. ನೀಲಿ ಹಕ್ಕಿಯ ಚಿತ್ರದ ಮೇಲೆ ಎರಡು ಸಲ ಒತ್ತುತ್ತೀರಿ. ಹಾರ್ಡ್‌ಡಿಸ್ಕ್ ಗರಗರ ಎನ್ನುತ್ತದೆ. ಕಿಟಕಿ ತೆರೆಯುತ್ತದೆ.

ಮೂರೇ ಮೂರು ಖಾಲಿ ಚೌಕ. ಹೆಸರು, ಇಮೇಲ್ ವಿಳಾಸ, ಪಾಸ್‌ವರ್ಡ್. ಬೆರಳು ಶಿಫ್ಟ್ ಹಿಡಿದು ಎರಡರ ಕೀಲಿ ಒತ್ತುತ್ತದೆ, @ ಮೂಡುತ್ತದೆ. ಈ ಗುರುತನ್ನು ವಿಳಾಸದ ನಡುವೆ ಕೂರಿಸಿದವರು ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್, 1971ರಲ್ಲಿ. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ನಿಂತಿದ್ದ ಎರಡು ಯಂತ್ರಗಳ ನಡುವೆ, ಅರ್ಪಾನೆಟ್ ಜಾಲದ ಮೂಲಕ ಅವರ ಮೊದಲ ಮೇಲ್ ಹೋಯಿತು. ಅದೇ 1971ರಲ್ಲಿ ನೀವು ಕೂತಿರುವ ಈ ಸೀಮೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ಕಬಿನಿಯ ದಂಡೆಗೆ ಆನೆಗಳನ್ನು ಅಟ್ಟಿ, ಹೊಳೆ ದಾಟಿಸಿ, ದಿಮ್ಮಿಯ ಬೇಲಿಯೊಳಗೆ ಕೂಡಿಹಾಕಿದ ಕೊನೆಯ ಸಲ ಅದು. ಮೂರು ವರ್ಷದಲ್ಲಿ ಅಣೆಕಟ್ಟು ಮುಗಿದು ಆ ಬಯಲು ಹಿನ್ನೀರಿನಡಿ ಸೇರಿತು. ಗೋಡೆಯ ಮೇಲಿನ ಹಳೆ ಕ್ಯಾಲೆಂಡರಿನಲ್ಲಿ ಅರ್ಜುನ ಎಂಬ ಆನೆ ಅಂಬಾರಿ ಹೊತ್ತು ನಿಂತಿದ್ದಾನೆ. 1968ರಲ್ಲಿ ಇದೇ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. ಬಳ್ಳೆ ಶಿಬಿರದಲ್ಲಿ ಬಾಳಿ, 2012ರಿಂದ 2019ರವರೆಗೆ ಎಂಟು ದಸರಾ ಅಂಬಾರಿ ಹೊತ್ತು, 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಕಾಡಿನಲ್ಲಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತ. ಆ ಕ್ಯಾಲೆಂಡರನ್ನು ತೆಗೆಯಲು ಯಾರಿಗೂ ಮನಸ್ಸಾಗಿಲ್ಲ.

‘ಮುಂದುವರಿ’ ಒತ್ತುತ್ತೀರಿ. ಪ್ರೋಗ್ರಾಮು ತಾನೇ ಸರ್ವರುಗಳನ್ನು ಹುಡುಕಲು ಹೊರಡುತ್ತದೆ. ಸಾಮಾನ್ಯವಾಗಿ ಇದು ಕ್ಷಣದ ಕೆಲಸ. ನಿಮ್ಮ ವಿಳಾಸದ ಕೊನೆಯ ಭಾಗ ನೋಡಿ, ಇಂಥವರ ಮೇಲ್ ಇಂಥಲ್ಲಿದೆ ಎಂಬ ಪಟ್ಟಿಯನ್ನು ಜಾಲದಿಂದ ತರಿಸಿಕೊಂಡು ಉಳಿದ ಚೌಕಗಳನ್ನು ಅದೇ ತುಂಬುತ್ತದೆ. ಇವತ್ತು ಚಕ್ರ ತಿರುಗುತ್ತಲೇ ಇದೆ. ಕೊನೆಗೆ ಹಳದಿ ಪಟ್ಟಿ ಮೂಡುತ್ತದೆ: ಸಿಗಲಿಲ್ಲ, ನೀವೇ ತುಂಬಿ.

ಹೊಟ್ಟೆಯಲ್ಲಿ ಸಣ್ಣಗೆ ಏನೋ ಹಿಂಡುತ್ತದೆ. ಕೀಲಿಮಣೆ ಎತ್ತುತ್ತೀರಿ. ಅದರ ಅಡಿಯಲ್ಲಿ ಹಿಂದಿನವರು ಅಂಟಿಸಿದ ಚೀಟಿ, ನೀಲಿ ಶಾಯಿಯ ದುಂಡಗಿನ ಅಕ್ಷರ. ಒಳಬರುವ ಸರ್ವರ್, ಹೊರಹೋಗುವ ಸರ್ವರ್, 993, 465. ಪಾಸ್‌ವರ್ಡ್ ಬರೆದಿಲ್ಲ. ಬರೆಯದೆ ಹೋದದ್ದಕ್ಕೆ ಮನಸ್ಸಿನಲ್ಲೇ ಕೈ ಮುಗಿಯುತ್ತೀರಿ.

ಮೊದಲ ಆಯ್ಕೆ ಅಲ್ಲೇ ಇದೆ. ಐಮ್ಯಾಪೋ, ಪಾಪೋ? ಎರಡು ಪುಟ್ಟ ವೃತ್ತ, ಒಂದನ್ನು ಒತ್ತಬೇಕು. 1984ರ ಪಾಪ್ ಪದ್ಧತಿ ಕಣಜದಿಂದ ರಾಗಿಯನ್ನು ಮನೆಗೆ ಹೊತ್ತು ತಂದ ಹಾಗೆ, ಸರ್ವರಿನಲ್ಲಿದ್ದುದನ್ನು ಈ ಯಂತ್ರಕ್ಕೆ ಇಳಿಸಿಕೊಳ್ಳುತ್ತದೆ. ಪ್ರತಿ ಉಳಿಸು ಎಂದು ಹೇಳದಿದ್ದರೆ ಅಲ್ಲಿ ಅಳಿಸುತ್ತದೆ. ಹೇಳಿದರೂ ಇಷ್ಟು ದಿನ ಮಾತ್ರ ಎಂಬ ಗಡುವು ಎಷ್ಟೋ ಕಡೆ ಮೊದಲೇ ತುಂಬಿರುತ್ತದೆ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಐಮ್ಯಾಪ್, ಮೂಲವನ್ನು ಸರ್ವರಿನಲ್ಲೇ ಇಟ್ಟು ಇಲ್ಲಿ ಅದರ ಪ್ರತಿ ಇಡುತ್ತದೆ. ಇಲ್ಲಿ ಓದಿದ್ದು ಅಲ್ಲೂ ಓದಿದಂತೆ, ಇಲ್ಲಿ ಕಡತಕ್ಕೆ ಸೇರಿಸಿದ್ದು ಅಲ್ಲೂ ಸೇರಿದಂತೆ.

ಬೆರಳು ಮೌಸಿನ ಮೇಲೆ ತಡೆಯುತ್ತದೆ. ಆ ಸರ್ವರಿನಲ್ಲಿ ಹಿಂದಿನವರ ಕಾಲದ ಮೇಲ್ ಅಷ್ಟೂ ಇವೆ. ಯಾರ ಹಸುವನ್ನು ಯಾವ ತಿಂಗಳು ಹುಲಿ ಹಿಡಿಯಿತು, ಯಾರ ಅರ್ಜಿ ಎಲ್ಲಿ ನಿಂತಿತು, ಯಾರಿಗೆ ಎಷ್ಟು ಬಂತು, ಎಲ್ಲ ಅಲ್ಲೇ. ತಪ್ಪು ವೃತ್ತ ಒತ್ತಿದರೆ ಅವು ಮೈಸೂರಿನವರ ಕಣ್ಣಿಂದ ಮಾಯವಾಗಿ ಈ ಒಂದು ಹಳೇ ಡಿಸ್ಕಿನಲ್ಲಿ ಬಂದು ಬೀಳುತ್ತವೆ. ಡಿಸ್ಕ್ ಗರಗರ ಎನ್ನುತ್ತಿರುವುದು ಈಗ ಬೇರೆ ರೀತಿ ಕೇಳಿಸುತ್ತದೆ. ಐಮ್ಯಾಪ್ ಒತ್ತುತ್ತೀರಿ. ಪೋರ್ಟ್ 993, ಎಸ್‌ಎಸ್‌ಎಲ್. ಹೊರಹೋಗುವುದಕ್ಕೆ 465. ಬಳಕೆದಾರನ ಹೆಸರಿನ ಚೌಕದಲ್ಲಿ ವಿಳಾಸ ಪೂರ್ತಿ, @ ಮತ್ತು ಅದರ ಮುಂದಿನದೂ ಸೇರಿ. ಅರ್ಧ ಹೆಸರು ತುಂಬಿ ಸರ್ವರಿನ ಹತ್ತಿರ ಬೈಸಿಕೊಂಡವರು ಎಷ್ಟೋ ಜನ.

‘ಮುಗಿಯಿತು’ ಒತ್ತಿದ ಕೂಡಲೇ ಪರದೆಯ ನಡುವೆ ಎಚ್ಚರಿಕೆ ಎದ್ದು ನಿಲ್ಲುತ್ತದೆ.

ಈ ಸರ್ವರಿನ ಗುರುತು ನಂಬುವಂತಿಲ್ಲ ಎನ್ನುತ್ತಿದೆ ಅದು. ಸರ್ಟಿಫಿಕೇಟ್ ಸಿಂಧುವಲ್ಲ. ಕೆಳಗೆ ಎರಡು ಗುಂಡಿ: ಆದರೂ ಒಪ್ಪಿಕೋ, ಬೇಡ ಬಿಡು. ‘ಈ ಒಪ್ಪಿಗೆಯನ್ನು ಶಾಶ್ವತವಾಗಿ ಇಟ್ಟುಕೋ’ ಎಂಬ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿದೆ. ಗೋಡೆಯ ಗಡಿಯಾರ ಐದೂವರೆ ತೋರಿಸುತ್ತಿದೆ. ಅಂಗೈ ಬೆವರುತ್ತದೆ. ಒಪ್ಪಿಕೋ ಎಂದರೆ ಮುಗಿಯಿತು, ಮೇಲ್ ಬರುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಆ ಗುಂಡಿಯ ಅರ್ಥವೇನು? ಬಾಗಿಲ ಆಚೆ ನಿಂತವರು ಯಾರೆಂದು ಇನ್ನು ಮುಂದೆ ನೋಡುವುದಿಲ್ಲ ಎಂದು ನೀವು ಬರೆದುಕೊಟ್ಟ ಹಾಗೆ. ನಡುವೆ ಯಾರಾದರೂ ಕೂತಿದ್ದರೆ ಪಾಸ್‌ವರ್ಡ್ ಅವರ ಕೈಗೆ. ನಿಮ್ಮ ಹಿಂದೆ ಇರುವವರು ಹೊಲದವರು. ಅವರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಬೆರಳಚ್ಚಿನ ಕಾಗದ ಈ ದಾರಿಯಲ್ಲೇ ಹೋಗಬೇಕು.

ಬೇಡ ಬಿಡು ಒತ್ತುತ್ತೀರಿ. ಕುರ್ಚಿ ಟಕ್ ಎನ್ನುತ್ತದೆ. ಕಾರಣ ಹುಡುಕಬೇಕು. ಸರ್ಟಿಫಿಕೇಟಿಗೆ ಹುಟ್ಟಿದ ದಿನವೂ ಇದೆ, ಮುಗಿಯುವ ದಿನವೂ ಇದೆ. ಯಂತ್ರ ಆ ಎರಡು ದಿನಾಂಕಗಳನ್ನು ತನ್ನ ಗಡಿಯಾರಕ್ಕೆ ಹಿಡಿದು ನೋಡುತ್ತದೆ. ನಿಮ್ಮ ಕಣ್ಣು ಪರದೆಯ ಕೆಳಗಿನ ಬಲಮೂಲೆಗೆ ಹೋಗುತ್ತದೆ. ಅಲ್ಲಿ ಹಗಲು ಹನ್ನೆರಡೂ ಚಿಲ್ಲರೆ. ದಿನಾಂಕ 2010ರ ಜನವರಿ 1.

ಉಸಿರು ಹೊರಬರುತ್ತದೆ. ಮಧ್ಯಾಹ್ನ ಕರೆಂಟ್ ಹೋಗಿತ್ತು. ಯಂತ್ರದೊಳಗೆ ನಾಣ್ಯದಷ್ಟೇ ಅಗಲದ, ಸಿಆರ್2032 ಎಂಬ ಮೂರು ವೋಲ್ಟಿನ ಬ್ಯಾಟರಿಯೊಂದಿದೆ. ಕರೆಂಟ್ ಇಲ್ಲದಾಗ ಹೊತ್ತು ನೆನಪಿಡುವುದು ಅದರ ಕೆಲಸ. ಅದು ಸತ್ತಿದೆ. ಪ್ಲಗ್ ಕಿತ್ತಾಗಲೆಲ್ಲ ಈ ಡೆಸ್ಕ್‌ಟಾಪ್ 2010ಕ್ಕೆ ಹೋಗಿ ಕೂರುತ್ತದೆ. 2010ರ ಕಣ್ಣಿಗೆ ಸರ್ವರಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಸರ್ವರುಗಳ ಪಟ್ಟಿ ಸಿಗದಿದ್ದುದಕ್ಕೂ ಇದೇ ಕಾರಣ, ಆ ಪಟ್ಟಿಯೂ ಇಂಥದೇ ಬೀಗದ ದಾರಿಯಲ್ಲಿ ಬರಬೇಕು. ಗಡಿಯಾರ ಸರಿಮಾಡುತ್ತೀರಿ. ಮತ್ತೆ ಒತ್ತುತ್ತೀರಿ. ಎಚ್ಚರಿಕೆ ಬರುವುದಿಲ್ಲ. ಒಂದು ರೂಪಾಯಿಯ ಗಾತ್ರದ ಬ್ಯಾಟರಿಗಾಗಿ ಒಂದು ಕಚೇರಿಯ ಬಾಗಿಲನ್ನೇ ತೆರೆದಿಟ್ಟುಬಿಡುತ್ತಿದ್ದಿರಿ.

ಈಗ ಪಾಸ್‌ವರ್ಡ್ ಮತ್ತೆ ಕೇಳುತ್ತದೆ. ಮುಖ್ಯ ಕಚೇರಿಯವರು ಕೊಟ್ಟದ್ದನ್ನು ಹಾಕುತ್ತೀರಿ. ತಗೊಳ್ಳುವುದಿಲ್ಲ. ಕ್ಯಾಪ್ಸ್‌ಲಾಕ್ ನೋಡಿ, ಒಂದೊಂದೇ ಅಕ್ಷರವಾಗಿ ಮತ್ತೆ ಹಾಕುತ್ತೀರಿ. ಇಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇದೆ. ಖಾತೆಗೆ ಎರಡು ಹಂತದ ಕಾವಲು ಹಾಕಿದ್ದಾರೆ. ಹಾಗಿದ್ದಾಗ ಡೆಸ್ಕ್‌ಟಾಪ್ ಪ್ರೋಗ್ರಾಮಿಗೆಂದೇ ಹದಿನಾರು ಅಕ್ಷರದ ಪ್ರತ್ಯೇಕ ಪಾಸ್‌ವರ್ಡ್ ಹುಟ್ಟಿಸಿಕೊಳ್ಳಬೇಕು. ಹುಟ್ಟಿಸಲು ಬ್ರೌಸರಿನಲ್ಲಿ ಮತ್ತೆ ಒಳಗೆ ಹೋಗಬೇಕು. ಒಳಗೆ ಹೋಗಲು ಓಟಿಪಿ. ಅದು ಬರುವುದು ಕಚೇರಿಯ ಮೊಬೈಲಿಗೆ. ಆ ಮೊಬೈಲು ನಿಮ್ಮ ಜೇಬಿನಲ್ಲಿದೆ, ಅದರ ನೆತ್ತಿಯ ಮೇಲೆ ಒಂದು ಗೆರೆಯೂ ಇಲ್ಲ.

ಟವರ್ ಸಿಗುವ ಜಾಗ ಎಲ್ಲರಿಗೂ ಗೊತ್ತು. ಮನೆಯ ಹಿಂದೆ ರಾಗಿ ಹೊಲ ದಾಟಿದರೆ ಕೂಗಳತೆಯಲ್ಲಿ ಒಂದು ಬಂಡೆದಿಬ್ಬ. ಅಲ್ಲಿ ನಿಂತು ಕೈ ಎತ್ತಿದರೆ ಎರಡು ಗೆರೆ ಬರುತ್ತದೆ. ಕಿಟಕಿಯಿಂದ ಆಚೆ ನೋಡುತ್ತೀರಿ. ಬೆಳಕು ಹೊಗೆಯ ಬಣ್ಣಕ್ಕೆ ತಿರುಗಿದೆ. ದಿಬ್ಬದ ಆಚೆ ಆನೆ ಕಂದಕ, ಕಂದಕದ ಆಚೆ ಕಾಡು. ಮಳೆಗೆ ಕಂದಕದ ದಂಡೆ ಒಂದು ಕಡೆ ಕುಸಿದಿದೆ ಎಂದು ಬೆಳಿಗ್ಗೆ ಯಾರೋ ಅಂದಿದ್ದರು. ಹೋಗಬೇಕೋ ಬೇಡವೋ? ಬೆಳಗಾಗುವವರೆಗೆ ಕಾದರೆ ಕರೆಂಟ್ ಇರುತ್ತದೋ, ನೆಟ್ ಇರುತ್ತದೋ. ಕುಡುಗೋಲು ಇಟ್ಟವಳ ಮುಖ ಕಣ್ಣಿಗೆ ಬರುತ್ತದೆ. ‘ಕೋಡ್ ಕಳಿಸಿ’ ಒತ್ತುತ್ತೀರಿ. ಹತ್ತು ನಿಮಿಷದೊಳಗೆ ತುಂಬಿ ಎನ್ನುತ್ತದೆ ಪರದೆ. ಟಾರ್ಚ್ ತೆಗೆದುಕೊಂಡು ಎದ್ದೇಬಿಡುತ್ತೀರಿ.

ಬದುವಿನ ಮಣ್ಣು ಚಪ್ಪಲಿಯನ್ನು ಹಿಡಿದುಕೊಳ್ಳುತ್ತದೆ. ಒದ್ದೆ ರಾಗಿ ಪೈರು ಮೊಣಕಾಲಿಗೆ ತಣ್ಣಗೆ ಸವರುತ್ತದೆ. ಜೀರುಂಡೆಯ ಸದ್ದು ಕಿವಿಯೊಳಗೇ ಹುಟ್ಟಿದಂತಿದೆ. ಅಟ್ಟಣೆಯ ಮೇಲಿಂದ ಹೊಲ ಕಾಯುವವನ ದನಿ: ‘ಎತ್ಲಾಗೋಯ್ತಿದ್ದೀರಿ ಸಾ? ಇಳಿಯೋ ಹೊತ್ತು ಕಣ್ ಇದು!’ ಎರಡೇ ನಿಮಿಷ ಎಂದು ಕೈ ಬೀಸಿ ಮುಂದೆ ಹೋಗುತ್ತೀರಿ. ಬಂಡೆ ಹತ್ತುವಾಗ ಪಾಚಿಗೆ ಕಾಲು ಜಾರಿ, ಮೊಣಕೈ ತರಚಿ, ಮೇಲೆ ನಿಲ್ಲುತ್ತೀರಿ. ಮೊಬೈಲ್ ಎತ್ತುತ್ತೀರಿ. ಗೆರೆ ಇಲ್ಲ. ಎಡಕ್ಕೆ ತಿರುಗುತ್ತೀರಿ. ಇಲ್ಲ. ದೂರದಲ್ಲಿ ಗೇಟಿನ ಕಡೆಯಿಂದ ಕೊನೆಯ ಬಸ್ಸಿನ ಹಾರ್ನ್. ಒಂದು ಗೆರೆ. ಎರಡು. ಅಂಗೈಯಲ್ಲಿ ಮೊಬೈಲ್ ನಡುಗುತ್ತದೆ. ಬಂತು. ಆರು ಅಂಕಿ.

ಅದೇ ಗಳಿಗೆಗೆ ಬಿದಿರು ಮುರಿದ ಸದ್ದು.

ಮೊದಲು ಮೂಗಿಗೆ ಬರುತ್ತದೆ: ಹಸಿ ಲದ್ದಿ, ಕೆಸರು, ಹುಳಿತ ಸೊಪ್ಪಿನ ಒಗರು ವಾಸನೆ. ಜೀರುಂಡೆ ನಿಂತಿದೆ. ಕಂದಕ ಕುಸಿದಲ್ಲಿ ಕತ್ತಲು ದಪ್ಪಗಾಗಿ ಅಲುಗುತ್ತದೆ. ಕಿವಿ ಬೀಸಿದ ಪಟಪಟ. ಹೆಣ್ಣಾನೆ. ಅದರ ಹೊಟ್ಟೆಯಡಿಯಲ್ಲಿ ಇನ್ನೊಂದು ಗಿಡ್ಡ ನೆರಳು. ಮರಿ ಇದೆ. ಮರಿ ಇದ್ದರೆ ಓಡಬಾರದು, ಕೂಗಬಾರದು, ಟಾರ್ಚ್ ಮುಖಕ್ಕೆ ಬಿಡಬಾರದು. ಇಲ್ಲಿನವರು ನಿಮಗೆ ಮೊದಲ ದಿನ ಹೇಳಿಕೊಟ್ಟ ಪಾಠ ಅದು. ಗಾಳಿ ಎತ್ತಣಿಂದ ಬೀಸುತ್ತಿದೆ? ಬೆವರಿದ ಕೆನ್ನೆಗೆ ತಣ್ಣಗೆ ತಾಗುತ್ತಿದೆ, ಆನೆಯ ಕಡೆಯಿಂದಲೇ ಬರುತ್ತಿದೆ. ನಿಮ್ಮ ವಾಸನೆ ಅದಕ್ಕೆ ಹೋಗುತ್ತಿಲ್ಲ. ಮೊಬೈಲಿನ ಬೆಳಕನ್ನು ಎದೆಗೆ ಒತ್ತಿಕೊಳ್ಳುತ್ತೀರಿ. ಗುಂಡಿಗೆಯ ಬಡಿತ ಅದರ ಗಾಜಿಗೆ ಬಡಿಯುತ್ತಿದೆ. ಆನೆ ನಿಂತಿದೆ. ನೀವು ನಿಂತಿದ್ದೀರಿ. ಸೊಂಡಿಲು ಮೇಲೆದ್ದು ಗಾಳಿ ಮೂಸುತ್ತದೆ, ಇಳಿಯುತ್ತದೆ. ಇಡೀ ಹೊಲ ಉಸಿರು ಕಟ್ಟಿದೆ. ಆಮೇಲೆ ರಾಗಿಯ ಬುಡ ಕಿತ್ತು ಕಾಲಿಗೆ ಬಡಿದು ಮಣ್ಣು ಕೊಡವುವ ಸದ್ದು. ತಿನ್ನುತ್ತಿದೆ. ಅಟ್ಟಣೆಯವನು ತಗಡು ಬಡಿಯುತ್ತಾನೆ, ಆಚೆ ಹೊಲದವರೂ ಬಡಿಯುತ್ತಾರೆ, ಎಲ್ಲೋ ಪಟಾಕಿ ಸಿಡಿಯುತ್ತದೆ. ಗಿಡ್ಡ ನೆರಳು ತಾಯಿಯ ಕಾಲ ನಡುವೆ ನುಗ್ಗುತ್ತದೆ. ಎರಡೂ ಬಳಸಿಕೊಂಡು ಬಲಕ್ಕೆ, ಕಂದಕದ ಗುಂಟ, ಕತ್ತಲಿಗೆ ಹೋಗುತ್ತವೆ.

ನೀವು ಕಚೇರಿಯ ಹೊಸ್ತಿಲು ಮುಟ್ಟುವಾಗ ಕಾಲಲ್ಲಿ ಬಲವಿಲ್ಲ. ಕೂತು ಆರು ಅಂಕಿ ಒತ್ತುತ್ತೀರಿ. ಕೋಡಿನ ಅವಧಿ ಮುಗಿದಿದೆ, ಹೊಸದಕ್ಕೆ ಕೇಳಿ, ಎನ್ನುತ್ತದೆ ಪರದೆ.

ಹೊಸದಕ್ಕೆ ಕೇಳುವುದೆಂದರೆ ಮತ್ತೆ ದಿಬ್ಬ. ಈ ಸಲ ಪೂರ್ತಿ ಕತ್ತಲು. ಗುಂಡಿಯ ಮೇಲಿಟ್ಟ ಬೆರಳನ್ನು ವಾಪಸ್ ತೆಗೆಯುತ್ತೀರಿ. ಹೋಗುವುದಿಲ್ಲ. ನಾಳೆಯ ಸಭೆ ತಪ್ಪಿದರೂ ಹೋಗುವುದಿಲ್ಲ. ಹಾಗೆ ಗಟ್ಟಿ ಮಾಡಿಕೊಂಡ ಮೇಲೆಯೇ ತಲೆ ಕೆಲಸ ಮಾಡುತ್ತದೆ. ಪರದೆಯ ತಳದಲ್ಲಿ ಸಣ್ಣ ಅಕ್ಷರದ ಸಾಲೊಂದಿದೆ: ಬೇರೆ ದಾರಿಯಲ್ಲಿ ಬನ್ನಿ. ಒತ್ತಿದರೆ ಬ್ಯಾಕಪ್ ಕೋಡ್ ಕೇಳುತ್ತದೆ. ಖಾತೆಗೆ ಕಾವಲು ಹಾಕಿದ ದಿನವೇ ಇಂಥ ಕೋಡುಗಳನ್ನು ಮುದ್ರಿಸಿ ಇಟ್ಟುಕೊಳ್ಳಬಹುದು. ಒಂದೊಂದೂ ಒಂದು ಸಲಕ್ಕೆ ಮಾತ್ರ, ಟವರಿನ ಹಂಗಿಲ್ಲ. ನೀಲಿ ಶಾಯಿಯ ದುಂಡಗಿನ ಅಕ್ಷರದವರು ಮುದ್ರಿಸಿ ಇಟ್ಟಿರಬಹುದೇ? ಬೀರು ತೆಗೆಯುತ್ತೀರಿ. ಗೆದ್ದಲ ವಾಸನೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ರಸೀದಿ ಪುಸ್ತಕ. ಕೊನೆಯ ಕಡತದ ಕೊನೆಯ ಪ್ಲಾಸ್ಟಿಕ್ ಜೇಬಿನಲ್ಲಿ ಮಡಿಚಿದ ಹಾಳೆ. ಅಂಕಿಗಳ ಸಾಲು, ಮೇಲಿನ ಎರಡಕ್ಕೆ ಗೆರೆ ಎಳೆದಿದೆ. ಮೂರನೆಯದನ್ನು ಒತ್ತುತ್ತೀರಿ, ಪೆನ್ನು ತೆಗೆದು ಅದಕ್ಕೂ ಗೆರೆ ಎಳೆಯುತ್ತೀರಿ. ಒಳಗೆ ಬಿಟ್ಟಿತು.

ಹದಿನಾರು ಅಕ್ಷರ ಹುಟ್ಟುತ್ತದೆ. ಅದನ್ನು ಥಂಡರ್‌ಬರ್ಡಿನ ಚೌಕಕ್ಕೆ ತಂದು ಹಾಕುತ್ತೀರಿ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಡಗಡೆ ಕಡತಗಳ ಹೆಸರು ಒಂದರ ಕೆಳಗೊಂದು ಇಳಿಯುತ್ತವೆ. ಬಂದದ್ದು, ಕಳಿಸಿದ್ದು, ಕರಡು. ಬಲಗಡೆ ಮೇಲ್‌ಗಳು ಮೂಡತೊಡಗುತ್ತವೆ, ಹೊಸತು ಮೊದಲು, ಹಳತು ಆಮೇಲೆ. ಹಿಂದಿನವರ ವರ್ಷಗಳು ನಿಮ್ಮ ಕಣ್ಣ ಮುಂದೆ ಬಂದು ಕೂರುತ್ತಿವೆ. ಎಲ್ಲ ಕಡತಗಳ ಪ್ರತಿಯನ್ನೂ ಈ ಯಂತ್ರದಲ್ಲಿ ಇಡು ಎಂಬ ಚೌಕಕ್ಕೆ ಟಿಕ್ ಇದೆಯೇ ಎಂದು ನೋಡಿಕೊಳ್ಳುತ್ತೀರಿ. ಇದೆ. ನಾಳೆ ನೆಟ್ ಇಲ್ಲದಿದ್ದರೂ ಇವು ಇಲ್ಲಿರುತ್ತವೆ.

ಹಳೆಯ ಒಂದನ್ನು ತೆರೆಯುತ್ತೀರಿ. ಪರದೆ ತುಂಬ, ತಲೆ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರ, ಒಂದೂ ಅರ್ಥವಾಗುವುದಿಲ್ಲ. ಕನ್ನಡದ ಕಚೇರಿಗಳಿಗೆ ಈ ನೋವು ಹೊಸದಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಯಂತ್ರದ ಮಟ್ಟಿಗೆ ಇಂಗ್ಲಿಷ್ ಅಕ್ಷರವೇ ಆಗಿತ್ತು, ಫಾಂಟು ಅದಕ್ಕೆ ಕನ್ನಡದ ಮುಖ ಹಾಕುತ್ತಿತ್ತು. ಆ ಫಾಂಟಿಲ್ಲದ ಯಂತ್ರಕ್ಕೆ ಹೋದಾಗ ಮುಖ ಕಳಚುತ್ತಿತ್ತು. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ತನ್ನದೇ ಜಾಗವಿದೆ. ಅದರಲ್ಲಿ ಬರೆದರೆ ಯಾವ ಯಂತ್ರದಲ್ಲೂ ಕ ಎಂದರೆ ಕ. ಕೀಲಿಮಣೆಯನ್ನು ಯೂನಿಕೋಡಿಗೆ ತಿರುಗಿಸಿ, ‘ಹೆಗ್ಗಡದೇವನಕೋಟೆ ತಾಲ್ಲೂಕು, ಅಂತರಸಂತೆ ಹೋಬಳಿ’ ಎಂದು ಬರೆದು ನಿಮಗೆ ನೀವೇ ಕಳಿಸಿಕೊಳ್ಳುತ್ತೀರಿ. ಟಿಂಗ್ ಎಂದು ವಾಪಸ್ ಬರುತ್ತದೆ. ಒತ್ತಕ್ಷರವೂ ಅಲುಗಿಲ್ಲ. ಹೋಗುವ ದಾರಿ, ಬರುವ ದಾರಿ, ಅಕ್ಷರ ಮೂರೂ ಸರಿಯಿವೆ ಎಂದು ಈ ಒಂದು ಮೇಲ್ ಹೇಳಿತು.

ಈಗ ಆ ಮೇಲ್. ಹೆಸರುಗಳನ್ನು ಬರೆಯುತ್ತೀರಿ, ಸರ್ವೆ ನಂಬರು, ನಷ್ಟದ ವಿವರ. ಫೋಟೊಗಳನ್ನು ಸೇರಿಸುವ ಮೊದಲು ತೂಕ ನೋಡುತ್ತೀರಿ. 21 ಎಂಬಿ. ಹೆಚ್ಚಿನ ಕಡೆ ಮಿತಿ 25, ಆದ್ದರಿಂದ ಸಾಕು ಅನಿಸುತ್ತದೆ. ಸಾಲದು. ಮೇಲ್ ಹುಟ್ಟಿದ್ದು ಅಕ್ಷರಗಳನ್ನು ಸಾಗಿಸಲು. ಫೋಟೊ ಹೋಗಬೇಕಾದರೆ ಅದರ ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬರೆಯಬೇಕು, ತೂಕ ಮೂರನೇ ಒಂದು ಪಾಲು ಏರುತ್ತದೆ. 21 ಎಂಬುದು ದಾರಿಯಲ್ಲಿ 28 ಆಗಿ ಮಿತಿಗೆ ಬಡಿದು ವಾಪಸ್ ಬರುತ್ತದೆ. ಫೋಟೊಗಳನ್ನು ಚಿಕ್ಕದು ಮಾಡುತ್ತೀರಿ, ಹೆಜ್ಜೆಗುರುತು ಮತ್ತು ಕುಡುಗೋಲು ಸ್ಪಷ್ಟ ಕಾಣುವಷ್ಟಕ್ಕೆ ನಿಲ್ಲಿಸುತ್ತೀರಿ. 6 ಎಂಬಿಗೆ ಇಳಿಯಿತು.

‘ಕಳಿಸು’ ಮೇಲೆ ಬೆರಳಿಡುತ್ತೀರಿ. ಕತ್ತಲು.

ಕರೆಂಟ್ ಹೋಯಿತು. ಮೇಜಿನಡಿ ಯುಪಿಎಸ್ ಬೀಪ್ ಎನ್ನುತ್ತದೆ. ಪರದೆ ಮಾತ್ರ ಉರಿಯುತ್ತಿದೆ, ಅದರ ಬೆಳಕಿಗೆ ಹುಳುಗಳು ಬಂದು ನಿಮ್ಮ ಹಣೆಗೆ ಬಡಿಯುತ್ತಿವೆ. ಬೀಪ್. ಹಳೆಯ ಬ್ಯಾಟರಿ, ಎಷ್ಟು ಹೊತ್ತು ತಾಳುತ್ತದೋ. ಈಗಲೇ ಒತ್ತಿಬಿಡಲೇ? ಮೇಲ್ ಮೊದಲು ಹೊರಹೋಗುವ ಸರ್ವರಿಗೆ ಏರಬೇಕು, ಆಮೇಲೆ ‘ಕಳಿಸಿದ್ದು’ ಕಡತಕ್ಕೆ ಪ್ರತಿ ಮತ್ತೊಮ್ಮೆ ಏರಬೇಕು. ನಡುವೆ ಯಂತ್ರ ಆರಿದರೆ ಹೋಯಿತೋ ಇಲ್ಲವೋ ಎಂದು ರಾತ್ರಿಯಿಡೀ ತಿಳಿಯುವುದಿಲ್ಲ. ಬೀಪ್ ಬೀಪ್. ಸದ್ದು ಹತ್ತಿರ ಹತ್ತಿರವಾಗುತ್ತಿದೆ. ಬೆರಳು ಕಂಟ್ರೋಲ್, ಶಿಫ್ಟ್ ಹಿಡಿದು ಎಂಟರ್ ಒತ್ತುತ್ತದೆ. ‘ಆಮೇಲೆ ಕಳಿಸು’ ಎಂಬ ಆಜ್ಞೆ ಅದು. ಮೇಲ್ ಔಟ್‌ಬಾಕ್ಸಿಗೆ ಸೇರುತ್ತದೆ, ಅಂದರೆ ಇದೇ ಡಿಸ್ಕಿನ ಮೇಲೆ ಬರೆದುಕೊಂಡಿತು. ಪ್ರೋಗ್ರಾಮ್ ಮುಚ್ಚುತ್ತೀರಿ. ಯಂತ್ರವನ್ನು ಕ್ರಮವಾಗಿ ಆರಿಸುತ್ತೀರಿ. ಪರದೆ ಕಪ್ಪಾದ ಮೇಲೆ ಯುಪಿಎಸ್ ಒಮ್ಮೆ ಉದ್ದಕ್ಕೆ ಕೂಗಿ ಸುಮ್ಮನಾಗುತ್ತದೆ.

ರಾತ್ರಿ ಎಂಟರ ಸುಮಾರಿಗೆ ಕರೆಂಟ್ ಬರುತ್ತದೆ. ಮೊದಲ ಕೆಲಸ ಗಡಿಯಾರ: ಮತ್ತೆ 2010, ಮತ್ತೆ ಸರಿಮಾಡುತ್ತೀರಿ. ಥಂಡರ್‌ಬರ್ಡ್ ತೆರೆದರೆ ಔಟ್‌ಬಾಕ್ಸಿನ ಪಕ್ಕ ದಪ್ಪಕ್ಷರದ ಒಂದು ಕಾಯುತ್ತಿದೆ. ಕಳಿಸುತ್ತೀರಿ. ಹಸಿರು ಗೆರೆ ಓಡುತ್ತದೆ, ನೆಟ್ ತಡವರಿಸುತ್ತದೆ, ಮತ್ತೆ ಓಡುತ್ತದೆ. ಔಟ್‌ಬಾಕ್ಸ್ ಖಾಲಿ. ‘ಕಳಿಸಿದ್ದು’ ಕಡತದಲ್ಲಿ ಮೇಲ್ ಇದೆ, ಫೋಟೊಗಳ ಸಮೇತ. ಬೆಳಿಗ್ಗೆ ಎಂಟೂವರೆಗೆ ಮೈಸೂರಿನಿಂದ ಉತ್ತರ: ಸಿಕ್ಕಿತು, ಎಲ್ಲ ಓದಲು ಬರುತ್ತಿದೆ, ಸಭೆಗೆ ಒಯ್ಯುತ್ತೇವೆ.

ಇಷ್ಟು ಹೊತ್ತು ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು, ಆ ದಿಬ್ಬದ ಮೇಲೆ ನಿಲ್ಲಿಸಿದ್ದು ಒಂದು ಮಾತು ಹೇಳಲು. ಕಾಡಂಚಿನ ಊರುಗಳಲ್ಲಿ ಇಂಥ ಮೇಜುಗಳು ಬೇಕಾದಷ್ಟಿವೆ: ಶಾಲೆಯಲ್ಲಿ, ಪಂಚಾಯಿತಿಯಲ್ಲಿ, ಆಸ್ಪತ್ರೆಯಲ್ಲಿ, ಸಂಘದಲ್ಲಿ. ಅವುಗಳ ಖಾತೆಗೆ ಎರಡು ಹಂತದ ಕಾವಲು ಖಂಡಿತ ಬೇಕು. ಆದರೆ ಆ ಕಾವಲು ಎಸ್‌ಎಂಎಸ್ ಒಂದನ್ನೇ ನೆಚ್ಚಬಾರದು. ಮೊಬೈಲಿನೊಳಗಿನ ಅಥೆಂಟಿಕೇಟರ್ ಆ್ಯಪ್ ಟವರ್ ಇಲ್ಲದೆಯೂ ಕೋಡ್ ಕೊಡುತ್ತದೆ. ತನ್ನಲ್ಲಿರುವ ಗುಟ್ಟಿನ ಅಂಕಿಯನ್ನೂ ಗಡಿಯಾರವನ್ನೂ ಸೇರಿಸಿ 30 ಸೆಕೆಂಡಿಗೊಂದು ಹೊಸ ಕೋಡ್ ಲೆಕ್ಕ ಹಾಕುತ್ತದೆ, ಅದಕ್ಕೆ ಎರಡು ಗೆರೆಯೂ ಬೇಡ, ಬಂಡೆಯೂ ಬೇಡ. ಬ್ಯಾಕಪ್ ಕೋಡುಗಳ ಹಾಳೆ ಬೀರುವಿನಲ್ಲಿ ಬೀಗದೊಳಗಿರಲಿ. ಕೀಲಿಮಣೆಯಡಿಯ ಚೀಟಿಯಲ್ಲಿ ಸರ್ವರಿನ ಹೆಸರು, 993, 465 ಇರಲಿ, ಪಾಸ್‌ವರ್ಡ್ ಬೇಡ. ಸತ್ತ ಬ್ಯಾಟರಿಯನ್ನು ಈ ವಾರವೇ ಬದಲಿಸಿ. ಎಚ್ಚರಿಕೆ ಬಂದರೆ ಒಪ್ಪಿಕೋ ಒತ್ತುವ ಮೊದಲು ಗಡಿಯಾರ ನೋಡಿ. ಮತ್ತು ಖಾತೆ ಕೂರಿಸುವ ಕೆಲಸವನ್ನು ಹಗಲಿನಲ್ಲೇ ಮುಗಿಸಿ. ಆರು ಅಂಕಿಗಾಗಿ ಯಾರೂ ಕತ್ತಲಲ್ಲಿ ರಾಗಿ ಹೊಲಕ್ಕೆ ಇಳಿಯುವಂತಾಗಬಾರದು.